ಡೋರ್ ಲಾಕ್

ನವನಗರದಾಗ ಖಾಲಿ ಮನಿ ಎಲ್ಲೆಲ್ಲಿ ಅದಾವು
ನನಗಿಂತ ಚಲೋ ಗೊತ್ತಿದ್ದಾವ ಯಾರೂ ಇಲ್ಲ.
ತಿಂಗಳಿಗೊಮ್ಮೆ ಮೀಟರ್ ಓದಾಕ ಹೋಗಾವ ನಾ.
ಸೆಕ್ಟರ್ ಮೂವತ್ತೇಳು, ಬೇವಿನ ಗಿಡದ ಎದುರಿನ ಮನಿ:
ಹನ್ನೊಂದು ತಿಂಗಳಾತು, 4417ಕ್ಕ ನಿಂತೈತಿ.
ಅದರ ಹಿಂದಿನ ಓಣ್ಯಾಗ ಮ್ಯಾಲಿನ ಮಾಳಗಿ:
ಮಿನಿಮಮ್ ಬಿಲ್ಲು, ಮೀಟರಿನ ಡಬ್ಬ್ಯಾಗ
ಜೇಡ ಸಂಸಾರ ಹೂಡೇತಿ. ಅದಕ್ಕ ಬಾಡಿಗಿ ಇಲ್ಲ.

ನಮ್ಮ ಮಾಲಕರ ಮಗನ ಲಗ್ನ ಗೊತ್ತಾತು.
"ದೀಪಾವಳಿಯೊಳಗ ಖಾಲಿ ಮಾಡ್ರಿ" ಅಂದ್ರು.
ನಮ್ಮಾಕಿ ಅಂದಳು:
"ದಿನಾ ನೂರು ಮನಿ ಹೊಕ್ಕು ಬರ್ತೀರಿ,
ಒಂದು ಕೇಳಾಕ ಬಾಯಿ ಬರೂದಿಲ್ಲೇನು?"

ಕೇಳಿದೆ.
ಬಿಲ್ಲು ಕೊಡಾಕ ಹೋದಾಗ ನಾ "ಕರೆಂಟಿನಾವ".
ಅಷ್ಟು ಹೆಸರು ಸಾಕು. ನಾಯಿ ಕಟ್ಟತಾರ, ಗೇಟು ತೆಗಿತಾರ,
ಬ್ಯಾಸಗಿಯಾಗ ನೀರು, ಒಮ್ಮೊಮ್ಮೆ ಮಜ್ಜಿಗಿ.
ಮನಿ ಕೇಳಿದ್ದ ತಡ,
"ಅಡ್ಡಹೆಸರು ಏನ್ರಿ ನಿಮ್ಮದು?"

"ಬಾಗಲಕೋಟಿ."

ಅಡ್ಡಹೆಸರು ಅಂದ್ರ ಏನು ಹೇಳ್ರಿ,
ಅಡ್ಡ ಬರೂ ಹೆಸರು.
ಮೆಣಸಿನಕಾಯಿ ಅಂದ್ರ ಒಂದು ಲೆಕ್ಕ, ಹೂಗಾರ ಅಂದ್ರ ಒಂದು ಲೆಕ್ಕ,
ಊರಿನ ಹೆಸರು ಹೇಳಿದ್ರ ಲೆಕ್ಕ ತಪ್ಪತೈತಿ.
ಪ್ರಭಾವತಿಬಾಯಿ ಕನ್ನಡಕ ಏರಿಸಿಕೊಂಡ್ರು.
"ಬಾಗಲಕೋಟಿ ಅಂದ್ರ... ಯಾ ಪೈಕಿ ಬಾಗಲಕೋಟಿ?"
ತಂದೀ ಹೆಸರೇನು. ಊಟಕ್ಕ ಹ್ಯಾಂಗ.
ಹಬ್ಬಕ್ಕ ಯಾ ಊರಿಗೆ ಹೋಗ್ತೀರಿ, ನೀರು ಬಾಳ ಖರ್ಚೇನು.
ನಿಮಗೂ ತಿಳೀಬೇಕು ಅನಸಾಕ ಹತ್ತೈತಲ್ಲ?
ಹತ್ತಲಿ.

ಮನಿಗೆ ಕೀಲಿ ಹಾಕಿದ್ರ
ಮಷೀನಿನಾಗ "ಡೋರ್ ಲಾಕ್" ಅಂತ ಒತ್ತಿ ಮುಂದ ನಡೀಬೇಕು, ನಮ್ಮ ನಿಯಮ.
ಅವತ್ತ ಬಾಗಲ ಪೂರಾ ತೆರದಿತ್ತು.
ಒಳಗ ಟಿವಿ ಹಚ್ಚಿತ್ತು, ಒಗ್ಗರಣಿ ವಾಸನಿ,
ಪ್ರಭಾವತಿಬಾಯಿ ಹೊಸ್ತಿಲ ಮ್ಯಾಲ ನಿಂತು
"ಮಗನ್ನ ಕೇಳಿ ಹೇಳತೇನ್ರಿ" ಅಂದ್ರು.
ಬೆರಳು ತಾನ ಹೋಗಿ ಒತ್ತಿತು:
ಡೋರ್ ಲಾಕ್.

ಏಜೆಂಟ್ ಲೋಕಪ್ಪ ಸಾವಿರ ರೂಪಾಯಿ ಇಸಗೊಂಡು
ಮೂರು ಸಂಸಾರಕ್ಕ ಒಂದ ಸಂಡಾಸಿದ್ದ ಮನಿ ತೋರಿಸಿದ.
ಅದಕ್ಕೂ ನಮ್ಮ ಮುಂದ ನಾಕು ಮಂದಿ.
ಚಾ ಕುಡಕೋತ ಬುದ್ಧಿ ಹೇಳಿದ:
"ಪಾಟೀಲ ಅನ್ರಿ ಸರ್. ಪಾಟೀಲ ಎಲ್ಲಾ ಕಡೆ ನಡೀತೈತಿ."
ಮನ್ಯಾಗ ಹೇಳಿದೆ.
ನಮ್ಮಾಕಿ ನಕ್ಕಳು. ಆಮ್ಯಾಲ ನಗಲಿಲ್ಲ.
"ಹೆಸರಿನಾಗ ಕೋಟಿ ಬಾಗಲ ಇಟಗೊಂಡು
ಒಂದಕ್ಕ ಅಲದಾಡತೀರಲ್ಲ."

ಕಡೀಕ ಹಳೇ ಊರಾಗ. ನನ್ನ ಸರದಿಯ ಕಡೀ ಓಣಿ,
ಇಳಕೋತ ಹೋಗಿ ಹಿನ್ನೀರಿನಾಗ ಮುಗಿತೈತಿ.
ಕಂಬ ಮಾತ್ರ ಇನ್ನೂ ಎರಡು ಮುಂದ ನಿಂತಾವು,
ತಂತಿ ಇಲ್ಲ, ಕೊಕ್ಕರಿ ಕೂತಿರತಾವು.
ರಿಟೈರ್ ಆದ ಡ್ರಿಲ್ ಮಾಸ್ತರ್ರು, ಒಂದು ಕಿವಿ ಮಂದ.
"ಬಾಗಲಕೋಟಿ!" ಅಂದೆ, ಎರಡು ಸಲ, ಜೋರಾಗಿ.
ಮುಂದಿನ ಪ್ರಶ್ನೆಗೆ ಬೆನ್ನು ಗಟ್ಟಿ ಮಾಡಿ ನಿಂತೆ.

"ನಾ ಕಲಾದಗಿ, ನೀ ಬಾಗಲಕೋಟಿ.
ಇಬ್ಬರ ಹೆಸರೂ ಬಾಗಲಕ್ಕ ಬರಸಿದ್ರ
ಬಸ್ಸಿನ ಬೋರ್ಡ್ ಆಗತೈತಿ ನೋಡ!"
ಅಂದು ಒಬ್ಬರ ನಕ್ಕರು, ಕೆಮ್ಮು ಬರೂತನಾ.
ಬಾಡಿಗಿ ಮಾತ್ರ ಐದು ಸಾವಿರಕ್ಕ ಒಂದು ರೂಪಾಯಿ ಬಿಡಲಿಲ್ಲ.
ಸೋರೂ ಮೂಲಿ ತೋರಿಸಿದ್ರ ಆ ಕಿವಿ ಈ ಕಡೆ ತಿರುವಿದ್ರು.

ಮುಂದಿನ ತಿಂಗಳು ನಾಲ್ಕನೇ ತಾರೀಖು
ಸರದಿ ಹಿಡಕೊಂಡು ಬರತಿದ್ದಂಗ ನಮ್ಮ ಮನಿನೂ ಬಂತು.
ಡಬ್ಬಿಯೊಳಗ ಕೆಂಪು ದೀಪ ಮಿಣುಕತಿತ್ತು.
ಒಳಗ ಮಿಕ್ಸರ್ ಹಚ್ಚಿದಳು, ಮಿಣುಕು ಜೋರಾತು.
ಮೂವತ್ತೊಂಬತ್ತು ಯುನಿಟ್.
ಚೀಟ್ಯಾಗ ಹೆಸರು ಮಾಸ್ತರ್‍ರದು. ಇರಲಿ.
ಬಾಗಲ ಬಡದೆ.

"ಯಾರು?"
"ಕರೆಂಟ್ ಬಿಲ್ರಿ."
ಮಿಕ್ಸರ್ ನಿಂತಿತು. ಚಿಲಕದ ಸಪ್ಪಳ ಬರಲಿಲ್ಲ.
ನಗು ತಡಕೊಂಡು ಒಳಗಿಂದ ಕೇಳಿದಳು:
"ಅಡ್ಡಹೆಸರು ಏನ್ರಿ?"